ಬೀಜ ಕೊಳ್ಳುವುದು ಅಂಗಡಿಯಲ್ಲೋ, ಫೋನಿನಲ್ಲೋ?

ಉದಕಮಂಡಲದ ಬಳಿಯ ಲವ್‌ಡೇಲ್ ಸುತ್ತಿನಲ್ಲಿ ಕ್ಯಾರೆಟ್, ಕೋಸು ಬೆಳೆಯುವ ರೈತ ಬಾಂಧವರು ಈಗ ಬೀಜ, ಔಷಧಿಗಳನ್ನು ಮನೆಯಲ್ಲಿ ಕುಳಿತೇ ಫೋನಿನ ಮೂಲಕ ತರಿಸಬಹುದು. ಕೀಟನಾಶಕವನ್ನೂ ಹೀಗೆ ಮಾರಲು ಪರವಾನಗಿ ಪಡೆದವರಿಗೆ ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಅನುಮತಿಯಿತ್ತಿದೆ. ಬೆಲೆಯೂ ತುಸು ಅಗ್ಗವಿರಬಹುದು. ಆದರೆ ರೋಗ ಬಿದ್ದ ಎಲೆಯನ್ನು ಕೈಯಲ್ಲಿ ಹಿಡಿದು ತೋರಿಸಲು, ಬೆಳೆ ಕೈಸೇರುವವರೆಗೆ ಕಡ ಕೇಳಲು ಊರ ಅಂಗಡಿಯೇ ಬೇಕು. ಕಡ ತಂದ ದಾಕ್ಷಿಣ್ಯಕ್ಕೆ ರಸೀದಿ ಕೇಳದೆ ಬರುವುದು ಮಾತ್ರ ತಪ್ಪು. ಎಲ್ಲಿಯೇ ಕೊಳ್ಳಿರಿ, ಬೀಜದ ಪೊಟ್ಟಣದ ಮೇಲೆ ತಳಿ, ಲಾಟ್ ಸಂಖ್ಯೆ, ಅವಧಿ ನೋಡಿರಿ. ರಸೀದಿಯನ್ನೂ ಖಾಲಿ ಪೊಟ್ಟಣವನ್ನೂ ಕೊಯ್ಲಿನವರೆಗೆ ಜೋಪಾನವಾಗಿಡಿರಿ. ಬೀಜ ಮೊಳೆಯದೆ ಹೋದರೆ ನಿಮ್ಮ ಪರ ಸಾಕ್ಷಿ ನುಡಿಯುವವು ಅವೆರಡೇ.