ಲಕ್ಕಿ, ತೇಗ, ತುಂಬೆ

ಹೊಳೆನರಸೀಪುರದ ಬಳಿ ಹೇಮಾವತಿಯ ದಡದಲ್ಲಿ ಲಕ್ಕಿಯೂ ಲಂಟಾನವೂ ಒಂದರೊಳಗೊಂದು ಹೆಣೆದುಕೊಂಡು ಬೆಳೆದಿವೆ. ಎರಡರ ಎಳೆಗೊಂಬೆಯೂ ಚೌಕ, ಎರಡರ ಎಲೆಗಳೂ ಎದುರುಬದುರು. ಲಕ್ಕಿಯ ಎಲೆ ಮೂರೋ ಐದೋ ಬೆರಳಾಗಿ ಒಡೆದಿದೆ, ಮಗುಚಿದರೆ ಬೂದುಬಿಳುಪು. ಲಂಟಾನದ್ದು ಇಡೀ ಎಲೆ, ಮುಟ್ಟಿದರೆ ಒರಟು, ಕಾಂಡದ ಮೇಲೆ ಮುಳ್ಳು. ಗುರುತಿಸಲು ಇಷ್ಟು ಸಾಕು.

ಸಕಲೇಶಪುರದ ಮಳೆಕಾಡಿನಿಂದ ಚನ್ನರಾಯಪಟ್ಟಣದ ಒಣಬಯಲಿನವರೆಗೆ ಈ ಜಿಲ್ಲೆಯ ಗಿಡ ನೋಡುವವರಿಗೆ ಸೆಸಿಲ್ ಸಲ್ಡಾನಾ, ಡಾನ್ ನಿಕಲ್ಸನ್ ಸಂಪಾದಿಸಿದ, 1976ರ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ಗಿಂತ ಒಳ್ಳೆಯ ಸಂಗಾತಿ ನಾನು ಕಂಡಿಲ್ಲ. ಅಂಥ ಪುಸ್ತಕದ ಕೀಲಿಗಳು ಹೆಜ್ಜೆಹೆಜ್ಜೆಗೂ ಕವಲು ತೋರಿಸಿ ಒಂದು ಗಿಡವನ್ನು ಉಳಿದೆಲ್ಲದರಿಂದ ಬೇರ್ಪಡಿಸುತ್ತವೆ. ಅರಕಲಗೂಡಿನ ಹಳ್ಳಿಗಳಲ್ಲಿ ಬ್ಯಾರನ್ನಿನಿಂದ ಇಳಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ, ಗಿಡದಲ್ಲಿ ಎಷ್ಟು ಮೇಲಿತ್ತೆಂದು ನೋಡಿ, ಗುಡ್ಡೆ ಗುಡ್ಡೆಯಾಗಿ ವಿಂಗಡಿಸಿ ರಾಮನಾಥಪುರದ ಹರಾಜಿಗೆ ಒಯ್ಯುತ್ತಾರಲ್ಲ, ಹಾಗೆ. ಗುಡ್ಡೆ ಸರಿಯಾದರೆ ಕೆಲಸ ಮುಗಿಯಿತು. ಯಾವುದಕ್ಕೆ ಯಾವುದು ನೆಂಟ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ನೆಂಟಸ್ತಿಕೆ ಹಿಡಿದು ಜೋಡಿಸುವುದು ಬೇರೆಯೇ ಕೆಲಸ, ಬಹಳ ನಿಧಾನದ್ದು. ಪುಸ್ತಕ ಬಂದ ಕಾಲಕ್ಕೆ ಲಕ್ಕಿ, ತೇಗ, ಲಂಟಾನ ಮೂರನ್ನೂ ವರ್ಬಿನೇಸಿ ಕುಟುಂಬದಲ್ಲಿಡುವುದು ರೂಢಿ. 1990ರ ದಶಕದಲ್ಲಿ ಲಕ್ಕಿ, ತೇಗಗಳು ತುಂಬೆ, ತುಳಸಿಗಳಿರುವ ಲೇಮಿಯೇಸಿಗೆ ಬಂದವು. ಡಿಎನ್‌ಎ ಅಧ್ಯಯನವೂ ಅದಕ್ಕೆ ಒತ್ತಾಸೆಯಾಯಿತು. ಲಂಟಾನ ಇದ್ದಲ್ಲೇ ಉಳಿಯಿತು. ಅರಕಲಗೂಡಿನ ಬದುವಿನ ಮೇಲೆ ತೊಲೆಯಂತೆ ನಿಂತ ತೇಗ, ಚನ್ನರಾಯಪಟ್ಟಣದ ರಾಗಿ ಹೊಲದಂಚಿನ ಮೊಳಕಾಲೆತ್ತರದ ತುಂಬೆ! ಮರವೋ ಸಣ್ಣ ಗಿಡವೋ ಎಂದು ಕೇಳಿದರೆ ಮೊದಲ ಕವಲಲ್ಲೇ ಅಗಲುವ ಇವೆರಡು ಒಂದೇ ಮನೆತನದವು ಎಂಬುದು ನನ್ನನ್ನು ಇವತ್ತಿಗೂ ಬೆರಗಾಗಿಸುತ್ತದೆ.

ಇದರ ಸುಳಿವು ಬರಿಗಣ್ಣಿಗೂ ಸಿಗುತ್ತದೆ, ಹೂ ಅರಳುವ ಸರದಿಯನ್ನು ಕಾಯಬೇಕು ಅಷ್ಟೆ. ಲಂಟಾನದ ಗೊಂಚಲಲ್ಲಿ ಅಂಚಿನ ಹೂಗಳು ಮೊದಲು ಬಿರಿದು, ಸರದಿ ಒಳಕ್ಕೆ ಸರಿಯುತ್ತದೆ. ಹಳದಿಯಾಗಿ ಅರಳಿದ್ದು ಹಳತಾಗುತ್ತ ಗುಲಾಬಿಗೆ ತಿರುಗುವ ಬಗೆಯಲ್ಲಿ ಹಿರಿಯ ಹೂ ಯಾವುದೆಂದು ಬಣ್ಣವೇ ಹೇಳುತ್ತದೆ. ಮಳೆಗಾಲದಲ್ಲಿ ತೇಗದ ದೊಡ್ಡ ಗೊಂಚಲನ್ನು ನೋಡಿ: ಕಡ್ಡಿ ಕವಲೊಡೆಯುವಲ್ಲಿ ನಡುವಿನ ಹೂ ಮೊದಲು ಅರಳುತ್ತದೆ, ಅಕ್ಕಪಕ್ಕದವು ಆಮೇಲೆ. ಲಕ್ಕಿಯ ನೀಲಿ ಗೊಂಚಲಿನ ಪುಟ್ಟ ಕವಲುಗಳಲ್ಲೂ ಅದೇ ಕ್ರಮ. ತುಂಬೆಯಲ್ಲಿ ಇದನ್ನು ಹಿಡಿಯುವುದು ಕಷ್ಟ. ಅದರ ಹೂಗಳು ಗೆಣ್ಣಿನ ಸುತ್ತ ಒತ್ತಾಗಿ ಉಂಡೆಗಟ್ಟಿರುತ್ತವೆ. ಸೂಜಿಯಿಂದ ಬಿಡಿಸಿ ಮಸೂರದಡಿ ಇಟ್ಟರೆ, ನಡುವಿನಿಂದ ಬದಿಗೆ ಹೋಗುವ ಅದೇ ಕವಲು ಮೊಟಕಾಗಿ ಮುದುಡಿ ಕೂತಿರುತ್ತದೆ.

ಶಿವನೆ ಮರವೂ ಹೀಗೆಯೇ ಲೇಮಿಯೇಸಿಗೆ ಬಂದದ್ದು. ಅದರ ಸರದಿ ನೋಡಬೇಕೆನ್ನುವವರು ಮಳೆಗೆ ಕಾಯಬಾರದು. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರಿದ ಕೊಂಬೆಗಳಲ್ಲಿ ಕಂದುಹಳದಿ ಹೂ ಬಿಡುತ್ತದೆ.