ರೋಗ ಬರುವ ಮುನ್ನ ಮನೆಯ ಸಿದ್ಧತೆ: ಸಂತ ರೋಕರ ಹಬ್ಬದ ಚಿಂತನೆ



ಆಗಸ್ಟ್ 16 ಸಂತ ರೋಕರ ಹಬ್ಬ. ಅವರ ಸ್ವರೂಪವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೈಯಲ್ಲಿ ಯಾತ್ರಿಕರ ಕೋಲು, ತೊಡೆಯ ಮೇಲೆ ಹುಣ್ಣು, ಪಕ್ಕದಲ್ಲಿ ರೊಟ್ಟಿ ಕಚ್ಚಿಕೊಂಡು ನಿಂತ ನಾಯಿ. ಪರಂಪರೆಯ ಪ್ರಕಾರ ಅವರು ಫ್ರಾನ್ಸ್ ದೇಶದ ಮೋಂಪೆಲಿಯೆ ಪಟ್ಟಣದ ಶ್ರೀಮಂತ ಮನೆತನದವರು. 14ನೇ ಶತಮಾನದಲ್ಲಿ ತಮ್ಮ ಆಸ್ತಿಯನ್ನು ಬಡವರಿಗೆ ಹಂಚಿ ರೋಮಿಗೆ ಯಾತ್ರೆ ಹೊರಟರು. ಇಟಲಿಯ ಊರುಗಳಲ್ಲಿ ಪ್ಲೇಗು ಹರಡಿತ್ತು. ರೋಕರು ಯಾತ್ರೆ ನಿಲ್ಲಿಸಿ ರೋಗಿಗಳ ಆರೈಕೆಗೆ ನಿಂತರು. ಪಿಯಾಚೆಂಜಾ ಎಂಬಲ್ಲಿ ಅವರಿಗೂ ರೋಗ ತಗುಲಿತು. ತಮ್ಮಿಂದ ಇತರರಿಗೆ ತೊಂದರೆಯಾಗದಿರಲೆಂದು ಅವರು ಊರಾಚೆಯ ಕಾಡಿಗೆ ಹೋದರು. ಅಲ್ಲಿ ಒಬ್ಬ ಗೃಹಸ್ಥನ ನಾಯಿ ದಿನವೂ ರೊಟ್ಟಿ ತಂದುಕೊಟ್ಟಿತು. ನಾಯಿಯ ಹಿಂದೆಯೇ ಬಂದ ಯಜಮಾನ ಅವರನ್ನು ಕಂಡು ಉಪಚರಿಸಿದನು.

ಈ ಕಥೆಯಲ್ಲಿ ಮೂರು ಸಂಗತಿಗಳಿವೆ: ರೋಗಿಗೆ ಪ್ರತ್ಯೇಕ ಸ್ಥಳ, ಹೊತ್ತಿಗೆ ಸರಿಯಾಗಿ ಆಹಾರ, ಅದನ್ನು ತಂದುಕೊಡುವ ನೆರೆಯವರು. ಸಾಂಕ್ರಾಮಿಕ ರೋಗಕ್ಕೆ ಮನೆಯನ್ನು ಸಿದ್ಧಪಡಿಸುವುದೆಂದರೆ ಈ ಮೂರನ್ನೂ ಮೊದಲೇ ಯೋಚಿಸಿಡುವುದು.

ಸಿದ್ಧತೆ ಅವಿಶ್ವಾಸವಲ್ಲ

"ದೇವರಿದ್ದಾರೆ, ನಮಗೇನೂ ಆಗದು" ಎಂದು ಹೇಳುವವರಿದ್ದಾರೆ. ದೇವರಿದ್ದಾರೆ, ನಿಜ. ಆದರೆ ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಹೇಳಿದಾಗ, ಯೇಸುಸ್ವಾಮಿ ತಮ್ಮ ತಂದೆಯನ್ನು ಪರೀಕ್ಷಿಸಲು ಒಪ್ಪಲಿಲ್ಲ (ಮತ್ತಾಯ 4:5-7). ಐವರು ಜಾಣ ಕನ್ಯೆಯರು ದೀಪದ ಜೊತೆಗೆ ಎಣ್ಣೆಯನ್ನೂ ತಂದಿದ್ದರು. ಸಿರಾಖನ ಗ್ರಂಥದ 38ನೇ ಅಧ್ಯಾಯವು ಕಾಯಿಲೆ ಬಿದ್ದವನಿಗೆ ಪ್ರಾರ್ಥಿಸಲೂ ಹೇಳುತ್ತದೆ, ವೈದ್ಯನನ್ನು ಕರೆಯಲೂ ಹೇಳುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಿಲ್ಲ.

ನಮ್ಮ ಹಿರಿಯರಿಗೂ ಇದು ತಿಳಿದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಾವು ಕಂಡದ್ದೂ ಕಡಿಮೆಯಲ್ಲ. 2020ರ ಏಪ್ರಿಲ್ 12ರಂದು ಪಾಸ್ಕ ಹಬ್ಬದ ದಿನ ನಮ್ಮ ದೇವಾಲಯಗಳ ಬಾಗಿಲು ಮುಚ್ಚಿತ್ತು. 2021ರ ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳವರು ಅಪ್ಪನ ಔಷಧಿ ಚೀಟಿ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಂದು ನಡುರಾತ್ರಿಯಲ್ಲಿ ತಡಕಾಡಿದರು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮುಂದಿನ ರೋಗ ಯಾವುದೆಂದು ಯಾರೂ ಹೇಳಲಾರರು. ಸಿದ್ಧತೆ ಮಾತ್ರ ನಮ್ಮ ಕೈಯಲ್ಲಿದೆ.

ಮೊದಲನೆಯದು: ಸ್ಥಳ

ಮನೆಯಲ್ಲಿ ಒಬ್ಬರಿಗೆ ಅಂಟುಜ್ವರ ಬಂದರೆ ಅವರು ಎಲ್ಲಿ ಮಲಗಬೇಕೆಂದು ಈಗಲೇ ತೀರ್ಮಾನಿಸಿ. ಕಿಟಕಿ ಇರುವ ಕೋಣೆಯಾದರೆ ಒಳ್ಳೆಯದು, ಗಾಳಿ ಆಡಬೇಕು. ಒಂದೇ ಕೋಣೆಯ ಮನೆಯಾದರೆ ಕಿಟಕಿಯ ಪಕ್ಕ ರೋಗಿಯ ಹಾಸಿಗೆ ಇರಲಿ. ಅಜ್ಜ ಅಜ್ಜಿಯರನ್ನು ಕೆಲವು ದಿನ ಯಾವ ನೆಂಟರ ಮನೆಯಲ್ಲಿ ಇರಿಸಬಹುದೆಂದು ಆ ಮನೆಯವರೊಡನೆ ಮೊದಲೇ ಮಾತನಾಡಿರಿ. ತಟ್ಟೆ, ಲೋಟ, ಟವೆಲ್ ಬೇರೆ ಇರಲಿ. ಆರೈಕೆಗೆ ಆರೋಗ್ಯವಂತರಾದ ಒಬ್ಬರೇ ಇರಲಿ. ಇಬ್ಬರೂ ಮಾಸ್ಕ್ ಧರಿಸಲಿ. ಪ್ರತಿ ಸಲವೂ ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯಲಿ.

ಡೆಂಗಿ ರೋಗಿಗೆ ಸೊಳ್ಳೆ ಪರದೆಯೇ ಪ್ರತ್ಯೇಕ ಸ್ಥಳ. ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ಹಗಲಲ್ಲೂ ಪರದೆ ಬೇಕು. ಡ್ರಮ್ಮು, ಹೂಕುಂಡ, ಹಳೆಯ ಟೈರುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿರಿ.

ಎರಡನೆಯದು: ಸಾಮಗ್ರಿ

ಎರಡು ವಾರಕ್ಕೆ ಸಾಲುವಷ್ಟು ಅಕ್ಕಿ, ಬೇಳೆ, ಎಣ್ಣೆ, ಸಾಬೂನು ಮನೆಯಲ್ಲಿರಲಿ. ಒಮ್ಮೆಲೇ ಕೊಳ್ಳಲಾಗದವರು ತಿಂಗಳ ದಿನಸಿಯ ಜೊತೆ ಸ್ವಲ್ಪ ಸ್ವಲ್ಪವೇ ಹೆಚ್ಚು ತರಬಹುದು. ಅಂಗಡಿಯದನ್ನೆಲ್ಲ ಬಾಚಿ ತರುವುದು ಸಿದ್ಧತೆಯಲ್ಲ, ನೆರೆಯವರ ಪಾಲನ್ನು ಕಸಿಯುವುದು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದು ತಿಂಗಳಿಗೆ ಆಗುವಷ್ಟು ಇರಲೆಂದು ವೈದ್ಯರನ್ನು ಕೇಳಿರಿ. ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಪೊಟ್ಟಣ ಇಲ್ಲದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಭೇದಿಯಾದವರಿಗೆ ಆಗಾಗ ಕುಡಿಸಿರಿ.

ಡೆಂಗಿಯ ಸಂದೇಹವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು. ಉಳಿದ ಆಂಟಿಬಯೋಟಿಕ್ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಅವು ವೈರಸ್ಸನ್ನು ಕೊಲ್ಲುವುದಿಲ್ಲ. ಬ್ಲೀಚಿಂಗ್ ಪುಡಿಯೊಂದಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಲೇಬೇಡಿ. ಅದರಿಂದ ವಿಷಾನಿಲ ಹೊರಡುತ್ತದೆ.

ಉಸಿರಾಟದ ಕಷ್ಟ, ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ರಕ್ತಸ್ರಾವ, ಮಂಪರು, ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯಬೇಡಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ಅಪಾಯ ಎದುರಾಗಬಹುದು. 108 ಆಂಬುಲೆನ್ಸ್, 104 ಆರೋಗ್ಯ ಸಹಾಯವಾಣಿ. ಈ ಸಂಖ್ಯೆಗಳ ಜೊತೆಗೆ ಹತ್ತಿರದ ಆಸ್ಪತ್ರೆ ಮತ್ತು ಧರ್ಮಕೇಂದ್ರದ ಗುರುಗಳ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಪೀಠದ ಪಕ್ಕದಲ್ಲಿ ಅಂಟಿಸಿರಿ.

ಮೂರನೆಯದು: ನೆರೆಯವರು

ಸಂತ ರೋಕರು ಕಾಡಿನಲ್ಲಿದ್ದಾಗ ಮನುಷ್ಯರಿಗಿಂತ ಮೊದಲು ಬಂದದ್ದು ನಾಯಿ. ಇದು ನಮ್ಮನ್ನು ನಾಚಿಸಬೇಕು. ರೋಗ ಬಂದ ಮನೆಯನ್ನು ಬೊಟ್ಟುಮಾಡಿ ತೋರಿಸುವುದು ಸುಲಭ; ಆ ಮನೆಯ ಹೊಸ್ತಿಲಲ್ಲಿ ಗಂಜಿಯ ಪಾತ್ರೆ ಇಟ್ಟು, ಬಾಗಿಲು ತಟ್ಟಿ, ದೂರ ನಿಂತು "ಹೇಗಿದ್ದೀರಿ ಅಮ್ಮ?" ಎಂದು ಕೇಳುವುದು ಕ್ರೈಸ್ತ ಧರ್ಮ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು? ಅವರಿಗೆ ಔಷಧಿ ತರುವವರು ಯಾರು? ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ ಇದನ್ನು ಹೆಸರು ಹಿಡಿದು ಹಂಚಿಕೊಳ್ಳಿರಿ.

ಇನ್ನೊಂದು ಮಾತು. ಜ್ವರವಿದ್ದರೂ ಭಾನುವಾರದ ಪೂಜೆ ತಪ್ಪಿದರೆ ಪಾಪವೆಂದು ಹೆದರಿ ಬರುವವರಿದ್ದಾರೆ. ಕಾಯಿಲೆಯಂಥ ಗಂಭೀರ ಕಾರಣವಿದ್ದಾಗ ಈ ಕಟ್ಟಳೆ ಅನ್ವಯಿಸುವುದಿಲ್ಲವೆಂದು ಶ್ರೀಸಭೆಯ ಧರ್ಮೋಪದೇಶ ತಿಳಿಸುತ್ತದೆ (2181). ಆ ದಿನ ಮನೆಯಲ್ಲಿ ಉಳಿದು ಪ್ರಾರ್ಥಿಸುವುದೇ ಪರಪ್ರೀತಿ. ಹಾಗೆಯೇ ವ್ಯಾಧಿಸ್ಥರ ಅಭ್ಯಂಗ ಸಾಯುವವರಿಗೆ ಮಾತ್ರ ಮೀಸಲಲ್ಲ (1514). ರೋಗಿಯ ಮಾತು ನಿಲ್ಲುವವರೆಗೆ ಕಾಯದೆ ಗುರುಗಳಿಗೆ ಬೇಗನೆ ತಿಳಿಸಿರಿ.

ಹಬ್ಬದ ಸಂಜೆ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಹದಿನೈದು ನಿಮಿಷ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ. ನಮ್ಮಲ್ಲಿ ಕಾಯಿಲೆ ಬಿದ್ದವರು ಎಲ್ಲಿ ಮಲಗುತ್ತಾರೆ? ಅವರಿಗೆ ಬೇಕಾದದ್ದು ಮನೆಯಲ್ಲಿದೆಯೇ? ನಾವು ಯಾರ ಬಾಗಿಲಿಗೆ ರೊಟ್ಟಿ ಒಯ್ಯುತ್ತೇವೆ?

ರೋಗಿಗಳ ಪಾಲಕರಾದ ಸಂತ ರೋಕರೇ, ನಮ್ಮ ಮನೆಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.