ಚೇತರಿಕೆಗೆ ಹೊಳೆಯ ದಾರಿ

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಹತ್ತನೆಯ ದಿನವೇ ಬಾವಿಯಿಂದ ಕೊಡ ನೀರೆತ್ತಿ ಮರಳಿ ಆಸ್ಪತ್ರೆ ಸೇರಿದವನು ನಾನು. ಮಲಗಿಯೇ ಇದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟೀತು. ಅವಸರಪಟ್ಟರೆ ಹೊಲಿಗೆ ತಾಳದು. ಇವೆರಡರ ನಡುವಣ ಹದವನ್ನು ನನಗೆ ಕಲಿಸಿದವು ಉಡುಪಿ ಸೀಮೆಯ ಹೊಳೆಗಳು.

ತಿಂಗಳ ಬಳಿಕ, ವೈದ್ಯರ ಒಪ್ಪಿಗೆ ಪಡೆದು, ಮಣಿಪಾಲದ ಎಂಡ್ ಪಾಯಿಂಟಿಗೆ ಹೋದೆ. ದಿಣ್ಣೆಯ ಅಂಚಿನಿಂದ ಕಂಡಳು ಸ್ವರ್ಣೆ, ಹಸುರಿನ ನಡುವೆ ಬಳುಕುತ್ತ. ಇಳಿಯುವ ಆಸೆಯಾಯಿತು, ಆದರೆ ಇಳಿದವನು ಏರಬೇಕಲ್ಲವೆ? ಕುಳಿತಲ್ಲಿಂದಲೇ ಕಣ್ತುಂಬಿಸಿಕೊಂಡೆ.

ಮುಂದಿನ ವಾರ ಉಡುಪಿಯಿಂದ ಕಾಪುವಿನತ್ತ ಪಯಣ. ಗಾಡಿಯ ಕುಲುಕಾಟಕ್ಕೆ ಹೊಟ್ಟೆಗೆ ದಿಂಬನ್ನು ಒತ್ತಿ ಹಿಡಿದಿದ್ದೆ. ದಾರಿಯಲ್ಲಿ ಉದ್ಯಾವರ ಹೊಳೆಯ ದಂಡೆಯ ಮೇಲೆ ಹತ್ತು ನಿಮಿಷ ನಡಿಗೆ, ಹತ್ತು ನಿಮಿಷ ವಿಶ್ರಾಂತಿ. ಗಾಯ ಪೂರ್ಣ ಮಾಯುವ ಮುನ್ನ ಹೊಳೆಯಲ್ಲಿ ಮೀಯುವುದು ಸಲ್ಲದು, ಆದುದರಿಂದ ನೀರಿಗಿಳಿಯಲಿಲ್ಲ. 1901ರ ಕಾಪು ದೀಪಸ್ತಂಭವನ್ನೂ ದೂರದಿಂದಲೇ ನೋಡಿ ಮರಳಿದೆ.

ಕಾರ್ಕಳದ ಸರದಿ ಬಂದುದು ಮೂರು ತಿಂಗಳಾದ ಮೇಲೆ. ಈ ಬಾರಿ ವೈದ್ಯರು ಹೂಂ ಎಂದಿದ್ದರು. 1432ರಲ್ಲಿ ಪ್ರತಿಷ್ಠಾಪಿತನಾದ 42 ಅಡಿಯ ಗೊಮ್ಮಟನ ಬೆಟ್ಟವನ್ನು ನಿಂತು ನಿಂತು ಏರಿದೆ. ಮೂಡಲಲ್ಲಿ ಘಟ್ಟದ ಸಾಲು; ಸ್ವರ್ಣೆಯ ತವರು ಅಲ್ಲಿಯೇ. ಬಂಡೆ ಅಡ್ಡಬಂದರೆ ಬಳಸಿ, ತಗ್ಗಿನಲ್ಲಿ ತಂಗಿ, ಸೀತೆಯನ್ನು ಕೂಡಿ ಆಕೆ ಕಡಲು ಸೇರುತ್ತಾಳೆ.

ವಾಚಕರಲ್ಲಿ ಯಾರಾದರೂ ಈಗ ಹಾಸಿಗೆ ಹಿಡಿದಿದ್ದರೆ ಒಂದೇ ಬಿನ್ನಹ: ಜ್ವರ ಬಂದರೆ, ಗಾಯ ಕೆಂಪೇರಿದರೆ ವೈದ್ಯರಲ್ಲಿಗೆ ಧಾವಿಸಿರಿ. ಉಳಿದುದಕ್ಕೆಲ್ಲ ಹೊಳೆಯಂತೆ ನಡೆಯಿರಿ. ಕೊಡ ಕಾಯುತ್ತದೆ.